ಅಟ್ಟದ ಕೋಣೆ ಬೇಡವೆಂದದ್ದು ಯಾರು

ಉತ್ತರದ ಕಡಲ ನಡುವಿನ ದ್ವೀಪವೊಂದರ ಹಾಮ್ರಬೋ ಊರಿನಲ್ಲಿ ಮರ್ಯೂನಳ ಹೆಸರು ಬಂದಾಗಲೆಲ್ಲ ಜನ ಅವಳ ಮಗಳ ಹೆಸರನ್ನೂ ಸೇರಿಸಿಯೇ ಹೇಳುತ್ತಿದ್ದರು. ಚರ್ಚಿಗೆ ಬಂದರೂ ಜೊತೆ, ಉರುವಲಿಗೆ ಗುಡ್ಡದ ಮೇಲೆ ಜೌಗುಮಣ್ಣಿನ ಹೆಂಟೆ ಕಡಿಯಲು ಹೋದರೂ ಜೊತೆ. ಮೀನು ತೊಳೆಯುವ ಅಂಗಳದಲ್ಲಿ ತಾಯಿ ತೊಟ್ಟಿಯ ಮುಂದೆ ನಿಂತಿದ್ದರೆ, ಮಗಳು ಪಕ್ಕದಲ್ಲಿ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತಿರುತ್ತಿದ್ದಳು. ‘ಅವರಿಬ್ಬರದು ಒಂದೇ ಜೀವ’ ಎಂದು ಹೆಂಗಸರು ಮೆಚ್ಚಿ ಮಾತಾಡುವಾಗ ಮರ್ಯೂನಳಿಗೆ ಒಳಗೊಳಗೇ ಹಿತವಾಗುತ್ತಿತ್ತು. ಹೇಳಿಕೊಳ್ಳಲು ಅವಳಿಗೆ ಬೇರೆ ಯಾವ ಸಿರಿಯೂ ಇರಲಿಲ್ಲ.

ಅವಳ ಗಂಡ ಹೇಯಿನ್ ೧೯೫೩ರ ಮಾರ್ಚಿನಲ್ಲಿ ಗ್ರೀನ್‌ಲ್ಯಾಂಡಿನ ಕಡೆಗೆ ಮೀನಿಗೆ ಹೋದ ಹಡಗಿನಲ್ಲಿದ್ದ. ಹಡಗು ಬರಲಿಲ್ಲ. ಆ ಊರೊಂದರಿಂದಲೇ ಆರು ಗಂಡಸರು ಹೋಗಿದ್ದರು; ಒಬ್ಬರ ಹೆಣವೂ ದಡಕ್ಕೆ ಬರಲಿಲ್ಲ. ಹೊರಡುವ ಮುಂಚೆ ಹೇಯಿನ್ ಎರಡು ತಿಂಗಳು ಮನೆಯ ಅಟ್ಟದಲ್ಲಿ ಗರಗಸ ಹಿಡಿದು ಕೂತಿದ್ದ. ಕೆಳಗೆ ಇದ್ದದ್ದು ಅಡುಗೆಮನೆ, ತಾಯಿಯ ಸಣ್ಣ ಕೋಣೆ, ತಾನೂ ಹೆಂಡತಿಯೂ ಮಲಗುವ ಒಳಕೋಣೆ, ಅಷ್ಟೇ. ಮಕ್ಕಳು ಬೆಳೆದರೆ ಎಲ್ಲಿ ಹಾಕುವುದು ಎಂದು ಅಟ್ಟದಲ್ಲೊಂದು ಕೋಣೆ ಎತ್ತಿದ್ದ. ಮೂರು ಕಡೆಗೆ ಹಲಗೆ ಹೊಡೆದು ಮುಗಿದಿತ್ತು. ನಾಲ್ಕನೆಯ ಕಡೆ ಮಾಡಿಗೆ ಹೊದಿಸಿದ ಹುಲ್ಲುಮಣ್ಣಿನ ಹೆಂಟೆಯ ಅಡಿಗೆ ಹಾಸಿದ ಮರದ ತೊಗಟೆ ಹಾಗೇ ಕಾಣುತ್ತಿತ್ತು. ‘ಬಂದಮೇಲೆ ಅದನ್ನೂ ಮುಚ್ತೀನಿ, ಆಮೇಲೆ ಬಾಗಿಲು’ ಎಂದು ಹೇಳಿ ಹೋದವನು ಗರಗಸವನ್ನು ಹಲಗೆಯ ಮೇಲೆಯೇ ಬಿಟ್ಟಿದ್ದ.

ಆಗ ಮಗಳು ಸುನ್ವಾಳಿಗೆ ಎರಡೂವರೆ ವರ್ಷ. ಸುದ್ದಿ ಬಂದ ದಿನ ಮರ್ಯೂನ್ ಮಗುವನ್ನು ತೊಟ್ಟಿಲಿನಿಂದ ಎತ್ತಿ ತನ್ನ ಮಗ್ಗುಲಿಗೆ ಹಾಕಿಕೊಂಡಳು. ಆಮೇಲೆ ತೊಟ್ಟಿಲಿಗೆ ಹಾಕಲೇ ಇಲ್ಲ. ಮಗುವಿನ ಎದೆಯ ಮೇಲೆ ಅಂಗೈ ಇಟ್ಟು, ಅದು ಏರಿಳಿಯುವುದು ಕೈಗೆ ತಿಳಿಯುತ್ತಿದ್ದರೆ ಮಾತ್ರ ಅವಳಿಗೆ ನಿದ್ದೆ. ಅಮ್ಮ ಇಲ್ಲದೆ ಮಗು ಮಲಗುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದಳು. ನಿಜ ತಿರುಗಾಮುರುಗಾ ಇತ್ತು.

ಮನೆಯಲ್ಲಿದ್ದ ಇನ್ನೊಬ್ಬಳು ಹೇಯಿನ್‌ನ ತಾಯಿ ಎಲ್ಸ್ಪಾ. ಎಪ್ಪತ್ತು ದಾಟಿದ್ದರೂ ಹೆಣಿಗೆಯ ಕಡ್ಡಿ ಕೈಬಿಟ್ಟವಳಲ್ಲ. ಮಗ ಹೋದನೆಂದು ಬಾಯಲ್ಲಿ ಒಪ್ಪಿಕೊಂಡಿದ್ದಳು. ಆದರೆ ಪ್ರತಿ ಶನಿವಾರ ಮೊಣಕಾಲು ಹಿಡಿದುಕೊಂಡು ಅಟ್ಟ ಹತ್ತುತ್ತಿದ್ದಳು. ಅವನ ಭಾನುವಾರದ ಕೋಟನ್ನು ಕೊಡವಿ, ಗರಗಸಕ್ಕೆ ತುಕ್ಕು ಹಿಡಿಯದಂತೆ ಕುರಿಕೊಬ್ಬು ಸವರಿ ಇಳಿಯುತ್ತಿದ್ದಳು.

ಸುನ್ವಾಳಿಗೆ ಆರು ತುಂಬಿದ ಶರತ್ಕಾಲದಲ್ಲಿ ಮೊದಲ ಬಾರಿಗೆ ಅವಳ ಹಟ ಕಾಣಿಸಿಕೊಂಡಿತು. ಮಲಗುವ ಹೊತ್ತಿಗೆ ಮರ್ಯೂನ್ ಒಳಗೆ ಬಂದರೆ, ಹುಡುಗಿ ಅಜ್ಜಿಯ ಹಳೆಯ ಉಣ್ಣೆಯ ಶಾಲನ್ನು ಸುರುಳಿ ಸುತ್ತಿ ಹಾಸಿಗೆಯ ನಡುಮಧ್ಯೆ ಉದ್ದಕ್ಕೆ ಇಟ್ಟಿದ್ದಳು.

“ಇದೇನೇ ಇದು?”

“ಗೋಡೆ. ಈ ಕಡೆ ನಂದು, ಆ ಕಡೆ ನಿಂದು. ನಿನ್ನ ಕೈ ಈ ಕಡೆ ಬರಬಾರದು.”

“ಯಾಕೆ, ನನ್ನ ಕೈ ನಿನಗೇನು ಮಾಡ್ತು?”

ಸುನ್ವಾ ತುಸು ಯೋಚಿಸಿ, “ಭಾರ ಆಗುತ್ತೆ” ಎಂದಳು.

ಮರ್ಯೂನ್ ನಕ್ಕಳು. ಮಗಳಿಗೆ ನಿದ್ದೆ ಹತ್ತಿದ ಮೇಲೆ ಶಾಲನ್ನು ಮೆಲ್ಲಗೆ ಎಳೆದು ಕಾಲ ಬುಡಕ್ಕೆ ಹಾಕಿದಳು. ಬೆಳಿಗ್ಗೆ ಎದ್ದ ಹುಡುಗಿ ಅದನ್ನು ನೋಡಿದಳು. ಅಂದು ಮಲಗುವ ಹೊತ್ತಿಗೆ ಅಜ್ಜಿಯ ಪೆಟ್ಟಿಗೆಯಿಂದ ನಾಲ್ಕು ಪಿನ್ನು ತಂದು ಶಾಲನ್ನು ಹಾಸಿಗೆಗೇ ಚುಚ್ಚಿಬಿಟ್ಟಳು. ಕತ್ತಲಲ್ಲಿ ಮರ್ಯೂನಳ ಹೆಬ್ಬೆರಳಿಗೆ ಪಿನ್ನು ತಗುಲಿ ರಕ್ತ ಬಂತು. ಆಗ ಅವಳು ನಗಲಿಲ್ಲ.

ಆ ಚಳಿಗಾಲವಿಡೀ ಹುಡುಗಿ ಮನೆಯಲ್ಲಿ ತನಗೊಂದು ಜಾಗ ಹುಡುಕುತ್ತಲೇ ಇದ್ದಳು. ಅಡುಗೆಮನೆಯ ಮೇಜಿಗೆ ಕಂಬಳಿ ಇಳಿಬಿಟ್ಟು ಅದರ ಕೆಳಗೆ ಸೇರಿಕೊಂಡಳು. ಎಲ್ಸ್ಪಾ ಅಲ್ಲೇ ಕುರ್ಚಿ ಹಾಕಿಕೊಂಡು ಉಣ್ಣೆ ಹೆಣೆಯುತ್ತಿದ್ದಳು.

“ಅಜ್ಜಿ, ಕಾಲು ತೆಗಿ. ಅದು ನನ್ನ ಬಾಗಿಲು.”

“ಅಯ್ಯೋ, ಎಪ್ಪತ್ತು ವರ್ಷ ಹೊತ್ತು ತಿರುಗಿದ ಕಾಲು ಇವತ್ತು ನಿನ್ನ ಬಾಗಿಲಾಯ್ತಾ? ಸರಿ, ನನಗೆ ಬಾಗಿಲು ತೆರೀಬೇಕಾದ್ರೆ ಏನು ಮಾಡಬೇಕು?”

“ತಟ್ಟಬೇಕು. ನಾನು ಬಾ ಅಂದ್ರೆ ಮಾತ್ರ ಬರಬೇಕು.”

ಎಲ್ಸ್ಪಾ ಹೆಣಿಗೆಯ ಕಡ್ಡಿಯಿಂದ ಮೇಜನ್ನು ಮೂರು ಸಲ ತಟ್ಟಿದಳು. ಒಳಗಿನಿಂದ, “ಈಗ ಪುರುಸೊತ್ತಿಲ್ಲ, ಆಮೇಲೆ ಬನ್ನಿ” ಎಂದು ಉತ್ತರ ಬಂತು. ಮುದುಕಿ ಮೈ ಕುಲುಕಿಸಿ ನಕ್ಕು ಕಾಲು ಹಿಂದಕ್ಕೆಳೆದುಕೊಂಡಳು. ಆದರೆ ಮರ್ಯೂನ್ ಕೆಲಸ ಮುಗಿಸಿ ಬಂದವಳು ತಟ್ಟಲಿಲ್ಲ. ಕಂಬಳಿ ಎತ್ತಿ, “ದಿನವೆಲ್ಲ ನಿನ್ನ ಮುಖ ನೋಡಿಲ್ಲ, ಬಾ ಈಚೆ” ಎಂದು ಮಗಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಮಡಿಲಲ್ಲಿ ಹುಡುಗಿ ಮರದ ತುಂಡಿನ ಹಾಗೆ ಬಿಗಿದುಕೊಂಡಿದ್ದಳು.

ಮುಂದಿನ ವರ್ಷ ಸುನ್ವಾ ಶಾಲೆಗೆ ಸೇರಿದಳು. ಅಕ್ಟೋಬರಿನ ಒಂದು ಮಧ್ಯಾಹ್ನ ಮರ್ಯೂನ್ ಮನೆಗೆ ಬಂದಾಗ ಮಗಳು ಇರಲಿಲ್ಲ. ಶಾಲೆ ಬಿಟ್ಟು ಎರಡು ಗಂಟೆಯಾಗಿತ್ತು. ತನ್ನ ಜೊತೆ ಮೀನು ತೊಳೆಯುವ ಬಿಲ್ಲಾಳನ್ನೂ ಕರೆದುಕೊಂಡು ದೋಣಿಮನೆ, ಕಡಲದಂಡೆ, ಗುಡ್ಡದ ಕಾಲುದಾರಿ ಎಲ್ಲ ಸುತ್ತಿದಳು. ಕೊನೆಗೆ ಸಿಕ್ಕಿದ್ದು ಮನೆಯ ಹಿಂದೆಯೇ, ಮಾಂಸ ಒಣಗಿಸುವ ಗಾಳಿಮನೆಯಲ್ಲಿ. ಹಲಗೆಗಳ ನಡುವೆ ಬೆರಳಗಲ ಸಂದು ಬಿಟ್ಟು ಕಟ್ಟಿದ್ದ ಆ ಗೂಡಿನೊಳಗೆ ಕಡಲಗಾಳಿ ಸಿಳ್ಳೆ ಹೊಡೆಯುತ್ತಿತ್ತು. ಹೊಸದಾಗಿ ತೂಗುಹಾಕಿದ ನಾಲ್ಕು ಕುರಿಗಳ ಅಡಿಯಲ್ಲಿ ಸುನ್ವಾ ಮೊಣಕಾಲು ತಬ್ಬಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು.

“ಇಲ್ಲೇನು ಮಾಡ್ತಿದೀಯೇ?” ಎಂದು ಕೇಳುತ್ತ ಮರ್ಯೂನ್ ಒಳಗೆ ಬಗ್ಗಿದಳು.

“ಕೂತಿದೀನಿ.”

“ಈ ಚಳೀಲಿ?”

“ಇಲ್ಲಿ ಯಾರೂ ಇರಲ್ಲ. ಕುರಿಗಳಿವೆ, ಅವು ನನ್ನ ಮುಟ್ಟಲ್ಲ.”

ಬಿಲ್ಲಾ ತಡೆಯಲಾರದೆ ಅಂದಳು: “ಒಳ್ಳೇದಾಯ್ತು ನೋಡು. ಬೆಚ್ಚಗಿನ ಹಾಸಿಗೆ ಬಿಟ್ಟು ಸತ್ತ ಕುರಿಗಳ ಜೊತೆ ಸಂಸಾರ ಮಾಡೋಕೆ ಬಂದವಳೆ.”

ಅಂದು ಸಂಜೆ ಮಗುವಿನ ಪಾದವನ್ನು ಬಿಸಿನೀರಿನಲ್ಲಿಟ್ಟು ಉಜ್ಜಿ, ಬೆಚ್ಚಗೆ ಸುತ್ತಿ ಮಲಗಿಸಿದ ಮೇಲೆ ಎಲ್ಸ್ಪಾ ಹೆಣಿಗೆಯನ್ನು ಕೆಳಗಿಟ್ಟಳು.

“ಮರ್ಯೂನ್, ಅಟ್ಟದ ಕೋಣೆ ಅವಳಿಗೆ ಕೊಟ್ಟುಬಿಡು.”

ಮರ್ಯೂನ್ ಒಲೆಯ ಮುಂದೆ ನಿಂತಲ್ಲೇ ನಿಂತಳು. “ಅದು ಹೇಯಿನ್‌ನ ಕೋಣೆ ಅತ್ತೆ.”

“ಅವನು ಕಟ್ಟಿದ್ದು ಯಾರಿಗೆ? ಅವನ ಕೋಟನ್ನ ನನ್ನ ಪೆಟ್ಟಿಗೇಲಿ ಇಟ್ಕೋತೀನಿ. ಬಡಗಿ ತುಮ್ಮಾಸ್‌ನ ಕರೆದು ಆ ಗೋಡೆ ಮುಚ್ಚಿಸು. ಇಷ್ಟು ದಿನ ಇನ್ನೊಬ್ಬನ ಕೈಲಿ ಅಲ್ಲಿ ಮೊಳೆ ಹೊಡೆಸೋಕೆ ನನಗೆ ಮನಸ್ಸು ಬಂದಿರಲಿಲ್ಲ, ನಿಜ. ಇವತ್ತು ಆ ತುಟಿ ನೋಡಿದ ಮೇಲೆ ಸಾಕು ಅನ್ನಿಸ್ತು.”

“ಈ ಚಳಿಗಾಲ ಕಳೀಲಿ. ಮೇಲೆ ಗಾಳಿ ಜಾಸ್ತಿ.”

“ಗಾಳಿಮನೆಗಿಂತಲೂ ಜಾಸ್ತಿಯಾ?”

ಮರ್ಯೂನ್ ಒಲೆಗೆ ಇನ್ನೊಂದು ಹೆಂಟೆ ತುರುಕಿದಳು. ಪಕ್ಕದ ಹಾಸಿಗೆ ಬರಿದಾಗಿರುವುದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡಳು, ಆಮೇಲೆ ದೀಪ ಆರಿಸಿ ಮಗಳ ಮಗ್ಗುಲಿಗೆ ಹೋದಳು.

ಮಾರನೆಯ ಬೆಳಿಗ್ಗೆ ಹಾಲು ಕುಡಿಯುತ್ತ ಸುನ್ವಾ ತಾನಾಗಿಯೇ ಕೇಳಿದಳು. ಅಜ್ಜಿ ಹಸುವಿನ ಕೊಟ್ಟಿಗೆಗೆ ಹೋಗಿದ್ದಳು.

“ಅಮ್ಮ, ನಾನು ಅಟ್ಟದ ಮೇಲೆ ಇರಲಾ? ಅಪ್ಪನ ಸಾಮಾನು ಮುಟ್ಟಲ್ಲ.”

“ಅಜ್ಜಿ ಬೇಡ ಅಂತಾರೆ ಕಂದ” ಎಂದಳು ಮರ್ಯೂನ್.

ಮೊದಲೇ ಯೋಚಿಸಿ ಆಡಿದ ಮಾತಲ್ಲ. ಬಾಯಿಗೆ ಬಂತು, ಆಡಿದಳು. ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಹುಡುಗಿ ಇನ್ನೂ ಮುಖವನ್ನೇ ನೋಡುತ್ತಿದ್ದಳು. ಮರ್ಯೂನ್ ತಿರುಗಿ ಪಾತ್ರೆ ತೊಳೆಯತೊಡಗಿದಳು.

ಅಂದಿನಿಂದ ಸುನ್ವಾ ಅಜ್ಜಿಯ ಜೊತೆ ಮಾತು ಬಿಟ್ಟಳು. ಮಕ್ಕಳ ಮುನಿಸು ಎರಡು ದಿನದ್ದು ಎಂದುಕೊಂಡರೆ, ಇದು ಎರಡು ವಾರವಾದರೂ ಇಳಿಯಲಿಲ್ಲ. ಅಜ್ಜಿ ಕತ್ತರಿಸಿಕೊಟ್ಟ ಒಣಮಾಂಸವನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದಳು. ಕ್ರಿಸ್ಮಸ್ಸಿಗೆಂದು ಎಲ್ಸ್ಪಾ ನೀಲಿ ಬಿಳಿ ನಕ್ಷತ್ರದ ಸ್ವೆಟರ್ ಹೆಣೆದುಕೊಟ್ಟಳು. ಹುಡುಗಿ ಅದನ್ನು ಮಡಿಸಿದ ಹಾಗೆಯೇ ಕುರ್ಚಿಯ ಮೇಲೆ ಬಿಟ್ಟು ಹಳೆಯದನ್ನೇ ಹಾಕಿಕೊಂಡು ಚರ್ಚಿಗೆ ಬಂದಳು. ಮೇಜಿನ ಕೆಳಗೆ ಕೂರುವುದೂ ನಿಂತಿತು. ಎಲ್ಸ್ಪಾ ಒಂದೆರಡು ಸಲ ಕಡ್ಡಿಯಿಂದ ಮೇಜು ತಟ್ಟಿ ನೋಡಿದಳು. ಒಳಕೋಣೆಯಿಂದ ಯಾರೂ ಬರಲಿಲ್ಲ.

“ನಾನೇನು ತಪ್ಪು ಮಾಡಿದೆ ಅಂತ ಈ ಹುಡುಗಿ ಹೀಗಾಡ್ತಾಳೆ?” ಎಂದು ಮುದುಕಿ ಸೊಸೆಯನ್ನು ಕೇಳಿದಳು.

“ಶಾಲೇಲಿ ಏನೋ ಕಲಿತು ಬಂದಿರಬೇಕು. ಸರಿಹೋಗ್ತಾಳೆ ಬಿಡಿ” ಎಂದಳು ಮರ್ಯೂನ್.

ಆ ಚಳಿಗಾಲ ಮಗಳು ಪಕ್ಕದಲ್ಲೇ ಮಲಗಿದಳು. ಶಾಲು ಇಡಲಿಲ್ಲ, ಕೈ ತಳ್ಳಲಿಲ್ಲ. ತನಗೆ ಬೇಕಾದ್ದು ಸಿಕ್ಕಿತು ಎಂದು ಮರ್ಯೂನ್ ತನಗೆ ತಾನೇ ಹೇಳಿಕೊಂಡಳು. ಆದರೆ ಬಾಗಿಲಾಚೆ ಮುದುಕಿಯ ಕೆಮ್ಮು ಕೇಳಿದಾಗಲೆಲ್ಲ ಅವಳ ಕೈ ತಾನಾಗಿ ಮಗುವಿನ ಎದೆಯಿಂದ ಸರಿಯುತ್ತಿತ್ತು.

ಜನವರಿಯಲ್ಲಿ ಎಲ್ಸ್ಪಾ ಹಾಸಿಗೆ ಹಿಡಿದಳು. ಎದೆಯಲ್ಲಿ ನೀರು ಸೇರಿದೆ ಎಂದರು ವೈದ್ಯರು. ಕಡಲು ಅಬ್ಬರಿಸುವ ಆ ತಿಂಗಳಲ್ಲಿ ಪಕ್ಕದ ದ್ವೀಪದ ಆಸ್ಪತ್ರೆಗೆ ದೋಣಿ ಹೋಗುವ ಹಾಗಿರಲಿಲ್ಲ, ಅವಳಿಗೂ ಹೋಗುವ ಮನಸ್ಸಿರಲಿಲ್ಲ. ಒಂದು ಮಧ್ಯಾಹ್ನ ಮರ್ಯೂನ್ ಮೀನಿನ ಸಾರಿನ ಬಟ್ಟಲು ಹಿಡಿದು ಅತ್ತೆಯ ಕೋಣೆಗೆ ಬಂದವಳು ಹೊಸ್ತಿಲಲ್ಲೇ ನಿಂತಳು. ಸುನ್ವಾ ಮಂಚದ ಬುಡದಲ್ಲಿ ನಿಂತಿದ್ದಳು. ಎಷ್ಟೋ ವಾರಗಳ ಮೇಲೆ ಅವಳಾಗಿ ಆ ಕೋಣೆಗೆ ಬಂದಿದ್ದಳು.

“ಅಟ್ಟದ ಕೋಣೆ ನನಗೆ ಯಾಕೆ ಬೇಡ ಅಂದೆ?” ಎಂದು ಕೇಳಿದಳು ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡು ಆಡಿದ ಮಾತಿನ ಹಾಗಿತ್ತು.

ಎಲ್ಸ್ಪಾ ದಿಂಬಿನಿಂದ ತಲೆ ಎತ್ತಿದಳು. ಹುಡುಗಿಯನ್ನು ನೋಡಿದಳು. ಆಮೇಲೆ ಅವಳ ಹೆಗಲಾಚೆ, ಬಟ್ಟಲು ಹಿಡಿದು ನಿಂತಿದ್ದ ಸೊಸೆಯನ್ನು ನೋಡಿದಳು. ಮರ್ಯೂನಳ ಬೆರಳಿಗೆ ಬಿಸಿಸಾರು ತುಳುಕಿತು. ಅವಳು ಕೈ ಕೊಡವಲಿಲ್ಲ.

“ಹೌದು ಕಣೇ, ಬೇಡ ಅಂದೆ” ಎಂದಳು ಮುದುಕಿ. “ಮಗನ ಕೋಣೆ ಅಂತ ಹಟ. ವಯಸ್ಸಾದವರಿಗೆ ಬುದ್ಧಿ ಒಂದು ಕಡೆ, ಮನಸ್ಸು ಒಂದು ಕಡೆ. ನನ್ನ ಮೇಲೆ ಸಿಟ್ಟಾ?”

“ಹೂಂ” ಎಂದಳು ಸುನ್ವಾ.

“ಇರಲಿ. ನ್ಯಾಯವಾದ ಸಿಟ್ಟೇ.”

ಹುಡುಗಿ ತಾಯಿಯ ಪಕ್ಕದಿಂದಲೇ ನುಸುಳಿ ಹೊರಗೆ ಹೋದಳು. ಮರ್ಯೂನ್ ಬಟ್ಟಲನ್ನು ಇಳಿಸಿ ಮಂಚದ ಪಕ್ಕ ಕೂತಳು.

“ಯಾಕೆ ಹಾಗಂದ್ರಿ ಅತ್ತೆ?”

“ಮತ್ತೇನು ಅನ್ನಲಿ? ನಿಮ್ಮಮ್ಮ ಸುಳ್ಳು ಹೇಳಿದ್ಲು ಅನ್ನಲಾ? ನಾನು ಹೊರಟವಳು. ನನ್ನ ಮೇಲಿನ ಸಿಟ್ಟು ನನ್ನ ಜೊತೆ ಹೋಗುತ್ತೆ. ನೀನು ಅವಳ ಜೊತೆ ಇನ್ನೂ ಬಾಳಬೇಕು.” ಉಸಿರಿಗೆಂದು ಸ್ವಲ್ಪ ತಡೆದಳು. “ನಿನಗೂ ಒಬ್ಬಳೇ ಮಲಗೋಕೆ ಭಯ. ನನಗೆ ಗೊತ್ತಿಲ್ವಾ? ಹೇಯಿನ್‌ನ ಅಪ್ಪ ಸತ್ತಾಗ ನಾನೂ ಅವನನ್ನ ಹತ್ತು ವರ್ಷದ ತನಕ ಮಗ್ಗುಲಲ್ಲೇ ಹಾಕ್ಕೊಂಡಿದ್ದೆ. ಆಮೇಲೆ ಅವನು ಹೋಗಿ ದೋಣೀಲಿ ಮಲಗೋಕೆ ಶುರು ಮಾಡಿದ. ಕೋಣೆ ಕೊಡು ಮರ್ಯೂನ್.”

“ನಾನೇ ಅವಳಿಗೆ ನಿಜ ಹೇಳ್ತೀನಿ.”

“ಹೇಳು, ಬಿಡು, ನಿನ್ನಿಷ್ಟ. ಕೋಣೆ ಕೊಡು.”

ಹೇಳಬೇಕೆಂದು ಮರ್ಯೂನ್ ದಿನವೂ ಎದ್ದಳು. ಶಾಲೆಯಿಂದ ಬರಲಿ ಎಂದುಕೊಂಡಳು. ಬಂದಮೇಲೆ ಊಟ ಮುಗಿಯಲಿ ಎಂದುಕೊಂಡಳು. ಹೀಗೆ ಹದಿನೆಂಟು ದಿನ ಕಳೆಯಿತು. ಫೆಬ್ರವರಿಯ ಒಂದು ಬೆಳಿಗ್ಗೆ ಎಲ್ಸ್ಪಾ ಕಣ್ಣು ತೆರೆಯಲಿಲ್ಲ.

ಮಣ್ಣು ಮಾಡಿ ಬಂದ ದಿನ ಊರಿನ ಹೆಂಗಸರೆಲ್ಲ ಅಡುಗೆಮನೆಯಲ್ಲಿ ಕಾಫಿಗೆ ಕೂತಿದ್ದರು. ಸುನ್ವಾ ಅತ್ತಿರಲಿಲ್ಲ. ಚರ್ಚಿನಲ್ಲಿ ಹಾಡು ಹೇಳುವಾಗಲೂ ಬಾಯಿ ಬಿಟ್ಟಿರಲಿಲ್ಲ. ಬಿಲ್ಲಾ ಅವಳ ತಲೆ ಸವರಿ, “ಅಜ್ಜಿ ನೆನಪಾಗ್ತಾರೇನೇ?” ಎಂದು ಕೇಳಿದಳು. ಹುಡುಗಿ ಅವಳಿಗೆ ಉತ್ತರ ಕೊಡದೆ ತಾಯಿಯ ಕಡೆ ತಿರುಗಿದಳು.

“ಈಗ ಅಟ್ಟದ ಕೋಣೆ ನಂದಾ?”

ಬಟ್ಟಲುಗಳ ಸದ್ದು ನಿಂತಿತು. ಬಿಲ್ಲಾ ಸವರುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, “ಏಳು ವರ್ಷಕ್ಕೇ ಎಂಥ ಕಲ್ಲೆದೆಯಪ್ಪ ಇದರದು” ಎಂದಳು, ಮೆಲ್ಲಗೇ, ಆದರೆ ಎಲ್ಲರಿಗೂ ಕೇಳುವಂತೆ.

ಆಗಲಾದರೂ ಮರ್ಯೂನ್ ಬಾಯಿ ತೆರೆಯಬೇಕಿತ್ತು. ಇಪ್ಪತ್ತು ಜನ ಹೆಂಗಸರು ತನ್ನ ಮಗಳನ್ನು ನೋಡುತ್ತಿದ್ದ ರೀತಿ ಅವಳಿಗೆ ಕಾಣುತ್ತಿತ್ತು. ಅವಳು ಕಾಫಿಯ ಕೆಟಲು ಎತ್ತಿಕೊಂಡು ಖಾಲಿಯಿದ್ದ ಬಟ್ಟಲುಗಳಿಗೆ ಸುರಿಯುತ್ತ ಹೋದಳು.

ಏಪ್ರಿಲಿನಲ್ಲಿ ಬಡಗಿ ತುಮ್ಮಾಸ್ ಬಂದು ನಾಲ್ಕನೆಯ ಗೋಡೆ ಮುಚ್ಚಿದ, ಬಾಗಿಲು ಕೂರಿಸಿದ. “ಚಿಲಕ ಎಲ್ಲಿಗೆ ಹಾಕಲಮ್ಮಾ, ಒಳಗಾ ಹೊರಗಾ?” ಎಂದು ಅವನು ಮರ್ಯೂನಳನ್ನು ಕೇಳಿದರೆ, “ಒಳಗೆ” ಎಂದು ಸುನ್ವಾ ಹೇಳಿದಳು. ಅಂದೇ ತನ್ನ ದಿಂಬು, ಪುಸ್ತಕ, ಕಡಲದಂಡೆಯಲ್ಲಿ ಆರಿಸಿದ ಕಲ್ಲುಗಳನ್ನು ಮೂರು ಸಲಕ್ಕೆ ಮೇಲೆ ಸಾಗಿಸಿದಳು. ನಾಲ್ಕನೆಯ ಸಲ ಇಳಿದು ಬಂದು ತಾಯಿಯ ಕೆನ್ನೆಗೊಂದು ಮುತ್ತು ಕೊಟ್ಟು ಹೋದಳು. ಎಷ್ಟೋ ತಿಂಗಳಿಂದ ಕೊಡದಿದ್ದ ಮುತ್ತು.

ಮರ್ಯೂನಳಿಗೆ ನಿದ್ದೆ ಬಾರದಾಯಿತು. ಅಂಗೈ ಎಲ್ಲಿಡಬೇಕೋ ತಿಳಿಯದೆ ಎದೆಯ ಮೇಲೆ, ಹೊಟ್ಟೆಯ ಮೇಲೆ ಇಟ್ಟು ನೋಡಿದಳು. ಹಗಲು ಮೀನಿನ ತೊಟ್ಟಿಯ ಮುಂದೆ ಕಣ್ಣು ಮುಚ್ಚಿ ಹೋಗುತ್ತಿತ್ತು. ಅದನ್ನೆಲ್ಲ ತಡೆದುಕೊಳ್ಳುತ್ತಿದ್ದಳೇನೋ. ತಡೆಯಲಾಗದೆ ಹೋದದ್ದು ಮಗಳ ಸಂತೋಷ. ಹುಡುಗಿ ಮೇಲೆ ಹಾಡಿಕೊಳ್ಳುತ್ತಿದ್ದಳು, ಕೆಳಗಿಳಿದು ಬಂದಾಗ ಮಾತಾಡುತ್ತಿದ್ದಳು, ನಗುತ್ತಿದ್ದಳು. ಜುಲೈಯಲ್ಲಿ ಒಂದು ದಿನ ಶಾಲೆಯ ಗೆಳತಿಯೊಬ್ಬಳನ್ನು ಕೋಣೆ ತೋರಿಸಲು ಕರೆತಂದಳು. ಮೆಟ್ಟಿಲ ಕೆಳಗೆ ಒಗೆದ ಬಟ್ಟೆ ಮಡಿಸುತ್ತಿದ್ದ ಮರ್ಯೂನಳಿಗೆ ಮೇಲಿನ ಮಾತು ಕೇಳಿಸಿತು.

“ಇದು ನಮ್ಮಪ್ಪ ನನಗೇ ಅಂತ ಕಟ್ಟಿದ್ದು. ಅಜ್ಜಿ ಕೊಡಲಿಲ್ಲ. ಅಜ್ಜಿ ಸತ್ತಿದ್ದಕ್ಕೆ ಸಿಕ್ತು. ಇಲ್ದಿದ್ರೆ ಸಿಕ್ತಾನೇ ಇರಲಿಲ್ಲ.”

ಗೆಳತಿ ಹೋದ ಮೇಲೆ ಮರ್ಯೂನ್ ಮೆಟ್ಟಿಲು ಹತ್ತಿ ಹೊರಗೆ ನಿಂತು ಮಗಳ ಹೆಸರು ಕರೆದಳು. ಸುನ್ವಾ ಬಾಗಿಲು ತೆರೆದು, ಒಳಗೆ ಬರಲು ದಾರಿ ಬಿಟ್ಟಳು. ಮರ್ಯೂನ್ ಒಳಗೆ ಹೋಗಲಿಲ್ಲ. ಮೇಲಿನ ಮೆಟ್ಟಿಲ ಮೇಲೆಯೇ ಕೂತಳು.

“ಕೋಣೆ ಬೇಡ ಅಂದಿದ್ದು ಅಜ್ಜಿ ಅಲ್ಲ. ನಾನು. ಅಜ್ಜಿ ಮೊದಲನೇ ದಿನವೇ ಕೊಡು ಅಂದಿದ್ರು. ನಾನು ನಿನ್ನ ಹತ್ರ ಸುಳ್ಳು ಹೇಳಿದೆ.”

ಸುನ್ವಾ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. “ಅಜ್ಜಿ ತಾನೇ ಹೌದು ಅಂದ್ರಲ್ಲ?”

“ನನ್ನನ್ನ ಕಾಪಾಡೋಕೆ ಅಂದ್ರು.”

“ಯಾಕೆ ಸುಳ್ಳು ಹೇಳಿದೆ?”

“ನೀನು ಪಕ್ಕದಲ್ಲಿ ಇಲ್ದೆ ನನಗೆ ಆಗ್ತಿರಲಿಲ್ಲ.”

ಹುಡುಗಿ ಅಳಲಿಲ್ಲ, ಕೂಗಲಿಲ್ಲ. ಏಳು ವರ್ಷದ ಆ ಮುಖದಲ್ಲಿ ಏನು ನಡೆಯುತ್ತಿದೆ ಎಂದು ಮರ್ಯೂನ್ ಹುಡುಕಿದಳು, ಏನೂ ತಿಳಿಯಲಿಲ್ಲ. “ನೀನು ಕೆಳಗೆ ಹೋಗು” ಎಂದಳು ಸುನ್ವಾ. ಮರ್ಯೂನ್ ಹೋದಳು.

ಆಮೇಲಿನ ದಿನಗಳಲ್ಲಿ ಪ್ರಶ್ನೆಗಳು ಒಂದೊಂದಾಗಿ ಬಂದವು, ಯಾವುದೋ ಹೊತ್ತಿನಲ್ಲಿ, ಆಲೂಗಡ್ಡೆ ಸುಲಿಯುವಾಗ, ಹಸು ಕಟ್ಟುವಾಗ. ನಾನು ಸ್ವೆಟರ್ ಹಾಕ್ಕೊಳ್ಳದಿದ್ದಾಗ ಅಜ್ಜಿ ಏನಂದ್ರು? ನಾನು ತಟ್ಟೆ ತಳ್ಳಿದ್ದು ಅಜ್ಜಿ ನೋಡಿದ್ರಾ? ಅಜ್ಜಿಗೆ ಅಳು ಬಂತಾ? ಮರ್ಯೂನ್ ಒಂದಕ್ಕೂ ಸುಳ್ಳು ಹೇಳಲಿಲ್ಲ. ಪ್ರತಿ ಉತ್ತರಕ್ಕೂ ಹುಡುಗಿ ತಲೆಯಾಡಿಸಿ ಅಟ್ಟಕ್ಕೆ ಹೋಗುತ್ತಿದ್ದಳು. ಹಾಡು ಕೇಳಿಸುವುದು ನಿಂತಿತ್ತು. ಮೈಗೆ ಚಿಕ್ಕದಾಗುತ್ತಿದ್ದ ಆ ನಕ್ಷತ್ರದ ಸ್ವೆಟರನ್ನು ಈಗ ತಾನಾಗಿ ಹಾಕಿಕೊಂಡಳು, ಬೇಸಿಗೆಯಲ್ಲೂ ಕಳಚಲಿಲ್ಲ.

ಊರಿನವರು ಮಾತ್ರ ಇನ್ನೂ ಹಳೆಯ ಮಾತನ್ನೇ ಆಡುತ್ತಿದ್ದರು. ಒಂದು ದಿನ ಮೀನಿನ ಅಂಗಳದಲ್ಲಿ, ಶಾಲೆಯ ಕಡೆಯಿಂದ ಸುನ್ವಾ ಹಾದುಹೋಗುವುದನ್ನು ನೋಡಿ ಬಿಲ್ಲಾ, “ಅಜ್ಜಿ ಮಣ್ಣಿಗೆ ಹೋಗೋದನ್ನೇ ಕಾಯ್ತಿತ್ತು ನೋಡು. ಈಗ ಅದೇ ಅಜ್ಜಿ ಹೆಣೆದ ಸ್ವೆಟರ್ ಹಾಕ್ಕೊಂಡು ಮೆರೀತದೆ” ಎಂದಳು.

ಮರ್ಯೂನ್ ಕೈಯಲ್ಲಿದ್ದ ಮೀನನ್ನು ತೊಟ್ಟಿಯ ಅಂಚಿಗಿಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. ದನಿ ಎತ್ತರಿಸಲಿಲ್ಲ, ತನಗಾಗಿ ಒಂದು ನೆಪವನ್ನೂ ಸೇರಿಸಲಿಲ್ಲ. ಎದುರಿನ ತೊಟ್ಟಿಯವರಿಗೂ ಕೇಳಲಿ ಎಂದು ಬ್ರಷ್ಷಿನ ಸದ್ದು ನಿಲ್ಲುವ ತನಕ ಒಮ್ಮೆ ಕಾದಳು. ಮುಗಿಸಿದಾಗ ಎಂಟು ಜನ ಹೆಂಗಸರು ನೀರಿನಲ್ಲಿ ಕೈ ಅದ್ದಿಕೊಂಡು ನಿಂತಿದ್ದರು.

“ಮುದುಕಿ ಎರಡು ಸಲ ನನ್ನ ಹತ್ರ ಬಂದು ಕೇಳಿದ್ರು,” ಎಂದಳು ಬಿಲ್ಲಾ. “‘ಮಗೂಗೆ ನಾನೇನು ಮಾಡಿದೆ’ ಅಂತ. ನನಗೇನು ಗೊತ್ತಿತ್ತು ಆಗ, ಹೇಳೋಕೆ.”

ಮರ್ಯೂನಳಿಗೆ ಅದು ತಿಳಿದಿರಲಿಲ್ಲ. ಬಿಲ್ಲಾ ಮತ್ತೆ ಅವಳ ಕಡೆ ನೋಡಲಿಲ್ಲ. ತನ್ನ ಬ್ರಷ್ಷನ್ನೂ ಬುಟ್ಟಿಯನ್ನೂ ಎತ್ತಿಕೊಂಡು ಆಚೆಯ ತೊಟ್ಟಿಗೆ ಹೋದಳು. ಉಳಿದವರು ಕೆಲಸಕ್ಕೆ ಬಗ್ಗಿದರು. ಪಡುವಣದಿಂದ ಮಳೆಯ ಮೋಡ ಏಳುತ್ತಿತ್ತು. ಒಣಗಲು ಹರಡಿದ ಮೀನನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಿರೆಂದು ಮೇಸ್ತ್ರಿ ಕೂಗಿದ. ಟಾರ್ಪಾಲಿನ ಒಂದು ತುದಿಯನ್ನು ಹಿಡಿದು ಮರ್ಯೂನ್ ಗಾಳಿಯಲ್ಲಿ ನಿಂತಳು. ಇನ್ನೊಂದು ತುದಿ ಹಿಡಿಯಲು ಯಾರಾದರೂ ಬರಲೆಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ತುದಿಗೆ ಕಲ್ಲು ಹೇರಿ ಒಬ್ಬಳೇ ಮುಚ್ಚತೊಡಗಿದಳು.